ಎಡ ಹೆಗಲಿಗೆ ಜೋಡಿ ನಳಿಗೆ: ಕಪಿಲಾ ತೀರದ ಬೇಟೆ ಕೋವಿಗಳ ಚರಿತ್ರೆ

ಜೋಡಿ ನಳಿಗೆಯ ರೈಫಲ್ ಎಂದರೆ ಒಂದೇ ಮರದ ಹಿಡಿಗೆ ಪಕ್ಕಪಕ್ಕದಲ್ಲಿ ಕೂರಿಸಿದ, ಒಳಮೈಯಲ್ಲಿ ಸುರುಳಿ ಗೀರುಗಳಿರುವ ಎರಡು ನಳಿಗೆಗಳ ಬೇಟೆ ಕೋವಿ. ಸಾಮಾನ್ಯವಾಗಿ ಒಂದೊಂದು ನಳಿಗೆಗೂ ಬೇರೆ ಟ್ರಿಗರ್, ಬೇರೆ ಕುದುರೆ (ಹ್ಯಾಮರ್), ಬೇರೆ ಕಮಾನು (ಸ್ಪ್ರಿಂಗ್) ಇರುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ಹಾರುತ್ತದೆ. ಆನೆ, ಕಾಟಿ, ಹುಲಿಗಳಿಗೆ ಎದುರಾದವನಿಗೆ ಎರಡನೆಯ ಈಡು ತಡವಿಲ್ಲದೆ ಸಿಗಬೇಕೆಂಬ ಅಗತ್ಯದಿಂದ ಹುಟ್ಟಿದ ಆಯುಧ ಇದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಸುಮಾರು ನೂರು ವರ್ಷ ಕಾಲ ಹಳೆಯ ಮೈಸೂರಿನ ದಕ್ಷಿಣದ ಕಾಡುಗಳಲ್ಲಿ ಇದರ ಸದ್ದು ಕೇಳಿಸಿತು. ಬಂಡೀಪುರ, ಚಾಮರಾಜನಗರದ ಕಡೆಯ ಕಾಡುಗಳಿಗೆ ಹೋಗುವವರಿಗೆ ನಂಜನಗೂಡು ಹೆಬ್ಬಾಗಿಲಾಗಿತ್ತು. ಕೊಳ್ಳೇಗಾಲ, ಬಿಳಿಗಿರಿರಂಗನ ಬೆಟ್ಟದ ದಿಕ್ಕಿಗೆ ತಿರುಮಕೂಡಲು ನರಸೀಪುರದ ಮೇಲಿಂದ ದಾರಿಯಿತ್ತು.

ಈ ಹಾದಿಯಲ್ಲಿ ಸಾಗಿಬಂದ ಕೋವಿಗಳು ಬಹುಪಾಲು ಬಲಗೈಯವರ ಅಳತೆಯವು. ಮನುಷ್ಯರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಎಡಚರು. ಅಂಥವರಿಗೆ ಜೋಡಿ ನಳಿಗೆಯನ್ನು ಒಗ್ಗಿಸುವ ಕೆಲಸದಲ್ಲಿ ಕಬ್ಬಿಣದ ಪಾಲು ಕಡಿಮೆ, ಮರದ ಪಾಲು ಹೆಚ್ಚು. ಆಯುಧ ತಯಾರಿಕೆಯ ಮೇಲೆ ಹೊರಗಿನವರ ಹಿಡಿತವಿದ್ದ ಮೈಸೂರು ಸಂಸ್ಥಾನದಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಅರ್ಥವಿತ್ತು.

ಪಟ್ಟಣದ ಕೋವಿಗಳು

ಕೋವಿಗೆ ಎಡ ಬಲಗಳ ಭೇದ ಬಂದದ್ದು ಕಿಡಿ ಹೊತ್ತಿಸುವ ಯಂತ್ರ ನಳಿಗೆಯ ಒಂದು ಪಕ್ಕಕ್ಕೆ ಸೇರಿದಾಗ. ಬತ್ತಿ ಕೋವಿಯಲ್ಲೂ ಅದರ ನಂತರ ಬಂದ ಚಕಮಕಿ ಕೋವಿಯಲ್ಲೂ ಮದ್ದಿನ ಬಟ್ಟಲು ನಳಿಗೆಯ ಬಲ ಮಗ್ಗುಲಿನಲ್ಲಿರುತ್ತಿತ್ತು. ಬಲಗೈಯವನು ಕೆನ್ನೆಯನ್ನು ಹಿಡಿಯ ಎಡಮೈಗೆ ಒತ್ತಿ ಗುರಿಯಿಡುವುದರಿಂದ ಬಟ್ಟಲು ಅವನ ಮುಖಕ್ಕೆ ಮರೆಯಲ್ಲಿರುತ್ತದೆ. ಎಡಚನ ಮುಖವಾದರೋ ಬಲಮೈಗೆ ಬರುತ್ತದೆ. ಬಟ್ಟಲಲ್ಲಿ ಭಗ್ಗನೆ ಏಳುವ ಬೆಂಕಿ ಅವನ ಕಣ್ಣ ಮುಂದೆಯೇ, ಚಾಚಿದ ಬಲತೋಳಿನ ಮೇಲೆಯೇ. ಅವನಿಗೆ ಸರಿಹೊಂದುವ ಒಂಟಿ ನಳಿಗೆ ಬೇಕಾದರೆ ಬಟ್ಟಲು, ಕುದುರೆ, ಕಮಾನು, ಕಿಡಿ ಒಳಹೋಗುವ ರಂಧ್ರ ಎಲ್ಲವನ್ನೂ ಎಡಕ್ಕೆ ತಿರುಗಿಸಿ ಹೊಸದಾಗಿ ಮಾಡಬೇಕಿತ್ತು.

ಹಾಗೆ ಮಾಡಬಲ್ಲ ಕಮ್ಮಟ ನರಸೀಪುರಕ್ಕೆ ಬಲು ದೂರದಲ್ಲಿರಲಿಲ್ಲ. ಕಾವೇರಿಯ ಮೇಲ್ದಂಡೆಯ ಶ್ರೀರಂಗಪಟ್ಟಣದಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದ ಆಯುಧ ಕಾರ್ಖಾನೆಗಳಿದ್ದವು. ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲೂ ಟಿಪ್ಪು ಇಂಥ ಕಾರ್ಖಾನೆಗಳನ್ನು ನಡೆಸಿದ. ಅಲ್ಲಿ ತಯಾರಾದ ಚಕಮಕಿ ಕೋವಿ, ಪಿಸ್ತೂಲುಗಳು ಇಂದು ಇಂಗ್ಲೆಂಡಿನ ರಾಜಸಂಗ್ರಹದಲ್ಲೂ ಬೇರೆ ಬೇರೆ ವಸ್ತುಸಂಗ್ರಹಾಲಯಗಳಲ್ಲೂ ಇವೆ. ಹುಲಿಪಟ್ಟೆಯ ಬೆಳ್ಳಿ ಕುಸುರಿ, ಕಸುಬುದಾರನ ಹೆಸರು, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಇವು ಅವುಗಳ ಗುರುತು. ಈ ಸಂಗ್ರಹಗಳಲ್ಲಿ ಜೋಡಿ ಪಿಸ್ತೂಲುಗಳೂ ಇವೆ. ಕೆಲವು ಜೋಡಿಗಳಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದು ಎಡಕ್ಕೆ. ಎಡಮಗ್ಗುಲಿನ ಯಂತ್ರವನ್ನು ಅಚ್ಚುಕಟ್ಟಾಗಿ ಮಾಡುವ ಕೈಚಳಕ ಹದಿನೆಂಟನೆಯ ಶತಮಾನದ ಕೊನೆಗೇ ಈ ನೆಲದಲ್ಲಿತ್ತು ಎಂಬುದಕ್ಕೆ ಇವೇ ಸಾಕ್ಷಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕಾರ್ಖಾನೆಗಳ ಕಥೆ ಅಲ್ಲಿಗೆ ಮುಗಿಯಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳಿದರು. 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಹಸ್ತಾಂತರ ಪತ್ರದಲ್ಲಿ ಆಯುಧಗಳ ಬಗ್ಗೆಯೂ ಒಂದು ಷರತ್ತು ಸೇರಿತ್ತು. ಗವರ್ನರ್ ಜನರಲರ ಅನುಮತಿಯಿಲ್ಲದೆ ಸಂಸ್ಥಾನಕ್ಕೆ ಆಯುಧ, ಮದ್ದುಗುಂಡು ತರಿಸುವಂತಿಲ್ಲ; ಅವರು ಸೂಚಿಸಿದಾಗ ಸಂಸ್ಥಾನದೊಳಗೆ ಅವುಗಳ ತಯಾರಿಕೆಯನ್ನೂ ಮಹಾರಾಜರು ನಿಲ್ಲಿಸಬೇಕು. ಅಲ್ಲಿಂದ ಮುಂದೆ ಮೈಸೂರಿನ ಬೇಟೆಗಾರನ ಕೈಯಲ್ಲಿದ್ದ ಒಳ್ಳೆಯ ಕೋವಿ ಬರ್ಮಿಂಗ್‌ಹ್ಯಾಮ್ ಇಲ್ಲವೇ ಲಂಡನ್ನಿನದು. ಮದರಾಸಿನ ಪಿ. ಆರ್ ಅಂಡ್ ಸನ್ಸ್‌ನಂಥ ಅಂಗಡಿಗಳ ಮುದ್ರೆ ಹೊತ್ತು ಅದು ಬರುತ್ತಿತ್ತು. ಕೋವಿಯ ಉಕ್ಕಿನ ಭಾಗ ಕಡಲಾಚೆಯಿಂದ ಬಂದಂತೆ ಉಳಿಯಬೇಕು, ಬದಲಾಯಿಸಲು ಸುಲಭವಾದದ್ದು ಮರ ಎಂಬ ಪರಿಸ್ಥಿತಿ ಹೀಗೆ ಉಂಟಾಯಿತು.

ನಂಜನಗೂಡಿನ ಹಾದಿ, ನರಸೀಪುರದ ಬಯಲು

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಮೈಸೂರಿನಿಂದ ದಕ್ಷಿಣಕ್ಕೆ ಹೋಗುವವರ ಮುಖ್ಯ ದಾಟಾಗಿತ್ತು. ಬೇಗೂರು, ಗುಂಡ್ಲುಪೇಟೆ, ಬಂಡೀಪುರದ ಮೂಲಕ ನೀಲಗಿರಿಗೆ ಏರುವ ರಸ್ತೆ ಈ ಊರನ್ನೇ ಹಾಯುತ್ತದೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ಅದು ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ನಡುವಿನ ಮೂವತ್ತೈದು ವರ್ಷ ನಂಜನಗೂಡೇ ಕೊನೆಯ ನಿಲ್ದಾಣ. ಡೇರೆ, ಪೆಟ್ಟಿಗೆ, ತೋಟಾಗಳನ್ನು ರೈಲಿನಿಂದ ಇಳಿಸಿ ಎತ್ತಿನ ಗಾಡಿಗೆ ಹೇರುವ ಜಾಗ ಅದು. ಗುಂಡ್ಲುಪೇಟೆ, ಚಾಮರಾಜನಗರಗಳು ಆಗ ಮೈಸೂರು ಜಿಲ್ಲೆಯೊಳಗೇ ಇದ್ದವು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಕಾಡು ನಂಜನಗೂಡು ತಾಲ್ಲೂಕಿಗೂ ತಾಗಿದೆ. ಹೆಡಿಯಾಲದ ಸುತ್ತಿನ ಕಾಡು ಇಂದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಭಾಗ. ನರಸೀಪುರದ ಕಡೆ ನೋಟ ಬೇರೆ. ಕಾವೇರಿ, ಕಪಿಲೆಗಳ ಸಂಗಮ, ಕಾಲುವೆ ನೀರಿನ ಗದ್ದೆಗಳು, ಕೆರೆಗಳು, ತಲಕಾಡಿನ ಮರಳು, ಮುಡುಕುತೊರೆಯಂಥ ಒಂಟಿ ಗುಡ್ಡಗಳು. ಗದ್ದೆಯ ಉಲ್ಲಂಕಿಗೆ, ಕೆರೆಯ ಬಾತುಗಳಿಗೆ ಬೇಕಾದದ್ದು ಚರೆ ಹಾರಿಸುವ ಜೋಡಿ ನಳಿಗೆಯ ತೋಟಾಕೋವಿ. ಕಾಟಿಗೂ ಆನೆಗೂ ಬೇಕಾದದ್ದು ಜೋಡಿ ನಳಿಗೆಯ ರೈಫಲ್. ಎರಡರ ಅಂಗರಚನೆ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಎಡಚರಿಗೆ ಒಗ್ಗಿಸುವ ವಿದ್ಯೆಯೂ ಒಂದೇ. ರೈಫಲಿನಲ್ಲಿ ಹಿಂದೊದೆತ ಜಾಸ್ತಿಯಾಗಿರುವುದರಿಂದ ತಪ್ಪಿಗೆ ತೆರಬೇಕಾದ ಬೆಲೆಯೂ ಜಾಸ್ತಿ.

ಹಳ್ಳಿಗರ ಬೇಟೆ ಬಹುಕಾಲ ಕೋವಿಯಿಲ್ಲದೆಯೇ ನಡೆಯಿತು. ಬಲೆ ಕಟ್ಟಿ, ಪ್ರಾಣಿಯನ್ನು ಸೋವಿ, ಈಟಿಯಿಂದ ತಿವಿಯುವ ಸಾಮೂಹಿಕ ಬೇಟೆಯನ್ನು ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಮೈಸೂರು ಸರ್ಕಾರದ ನೀರಾವರಿ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಈತ ಚಾಮರಾಜನಗರದ ಬಳಿ ಬೀಡುಬಿಟ್ಟು, 1874ರಲ್ಲಿ ಅಲ್ಲಿಯ ಕಾಡಿನಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ. ದೊಡ್ಡ ಪ್ರಾಣಿಗಳಿಗೆ ಯಾವ ಅಳತೆಯ ಕೋವಿ, ಎಷ್ಟು ಮದ್ದು ಬೇಕು ಎಂಬ ಚರ್ಚೆಗೂ ಅವನ ಪುಸ್ತಕದಲ್ಲಿ ಜಾಗವಿದೆ. ಹೊರಗಿನಿಂದ ಬಂದ ಬೇಟೆಗಾರ ಜಾಡಿಗಾಗಿ ಸೋಲಿಗರನ್ನು, ಕುರುಬರನ್ನು ನೆಚ್ಚಿದ್ದರೆ, ಗುಂಡಿಗಾಗಿ ಇಂಥ ಭಾರಿ ಕೋವಿಯನ್ನು ನೆಚ್ಚಿದ್ದ.

ಮದ್ದು ಬದಲಾದಾಗ

ಸ್ಯಾಂಡರ್ಸನ್ನನ ಕಾಲದ ಆನೆ ಕೋವಿಗಳನ್ನು ಬೋರಿನ ಲೆಕ್ಕದಲ್ಲಿ ಹೆಸರಿಸುತ್ತಿದ್ದರು. ನಳಿಗೆಯ ಬಾಯಿಗೆ ಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅಷ್ಟು ಬೋರು. ಎಂಟು ಬೋರಿನ ಉರುಟು ಗುಂಡು ಸುಮಾರು 57 ಗ್ರಾಂ. ಅದನ್ನು ತಳ್ಳಲು ಹತ್ತು ಹನ್ನೆರಡು ಡ್ರಾಮ್, ಅಂದರೆ 18ರಿಂದ 21 ಗ್ರಾಂ ಕರಿಮದ್ದು ಬೇಕಿತ್ತು. ಕೋವಿಯ ತೂಕ ಏಳು ಕಿಲೋಗ್ರಾಂ ಆಸುಪಾಸು. ಬೇಟೆಗಾರ ಅದನ್ನು ತಾನೇ ಹೊರುತ್ತಿರಲಿಲ್ಲ. ಪಕ್ಕದಲ್ಲಿ ಕೋವಿ ಹೊರುವವನು ಇರುತ್ತಿದ್ದ.

1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. 1898ರಲ್ಲಿ ರಿಗ್ಬಿ ಕಂಪನಿ ಆ ಮದ್ದಿನ .450 ನೈಟ್ರೋ ಎಕ್ಸ್‌ಪ್ರೆಸ್ ತೋಟೆಯನ್ನು ತಂದಿತು. ಸಣ್ಣ ಬಾಯಿ, ಉದ್ದ ಗುಂಡು, ಹೆಚ್ಚಿನ ವೇಗ. ಎಂಟು ಬೋರಿನ ಕೋವಿ ಮಾಡುತ್ತಿದ್ದ ಕೆಲಸವನ್ನು ಐದು ಕಿಲೋಗ್ರಾಮಿನ ರೈಫಲ್ ಮಾಡತೊಡಗಿತು. 1907ರಲ್ಲಿ ಭಾರತ ಸರ್ಕಾರ .450 ಅಳತೆಯ ಕೋವಿ, ತೋಟೆಗಳ ಆಮದನ್ನು ನಿಷೇಧಿಸಿತು. ಮಾರ್ಟಿನಿ ಹೆನ್ರಿ ಸೇನಾ ಕೋವಿಯ ಬಾಯಿಯೂ ಅದೇ ಅಳತೆಯದು. ಬೇಟೆಯ ಹೆಸರಿನಲ್ಲಿ ಬಂದ ಮದ್ದುಗುಂಡು ದಂಗೆಕೋರರ ಕೈಸೇರೀತೆಂಬ ಆತಂಕ ಸರ್ಕಾರಕ್ಕಿತ್ತು. ಕೋವಿ ಕಂಪನಿಗಳು ಸುಮ್ಮನಿರದೆ .465, .470, .475, .476 ಎಂದು ಕೂದಲೆಳೆಯ ವ್ಯತ್ಯಾಸದ ಹೊಸ ಅಳತೆಗಳನ್ನು ಹೊರಡಿಸಿದವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಭಾರತದ ಕಾಡುಗಳಲ್ಲಿ ಕಾಣಿಸಿಕೊಂಡ ಜೋಡಿ ರೈಫಲುಗಳಲ್ಲಿ ಅನೇಕವು ಈ ಪೀಳಿಗೆಯವು.

ಇವುಗಳಲ್ಲಿ .470ರ ಗುಂಡು ಸುಮಾರು 32 ಗ್ರಾಂ ತೂಗುತ್ತದೆ, ಸೆಕೆಂಡಿಗೆ 650 ಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ಹೆಗಲಿಗೆ ಬೀಳುವ ಒದೆತ ಹನ್ನೆರಡು ಬೋರಿನ ಚರೆಕೋವಿಯ ಸುಮಾರು ಮೂರು ಪಟ್ಟು. ಚರೆಕೋವಿಯಲ್ಲಿ ಹಿಡಿಯ ಬಾಗು ತಪ್ಪಿದ್ದರೆ ಹಕ್ಕಿ ತಪ್ಪಿಸಿಕೊಳ್ಳುತ್ತದೆ, ಅಷ್ಟೆ. ರೈಫಲಿನಲ್ಲಿ ತಪ್ಪಿದ್ದರೆ ಹಿಡಿಯ ಅಂಚು ಕೆನ್ನೆಯ ಮೂಳೆಗೆ ಬಡಿಯುತ್ತದೆ, ಎರಡನೆಯ ಈಡಿಗೆ ಕಣ್ಣು ಗುರಿಯ ಸಾಲಿನಲ್ಲಿ ಉಳಿಯುವುದಿಲ್ಲ. ಒಂದೆರಡು ಸಲ ಹೀಗಾದ ಮೇಲೆ ಹೊಡೆಯುವವನು ಟ್ರಿಗರ್ ಎಳೆಯುವ ಮುಂಚೆಯೇ ಮುಖ ಹಿಂಜರಿಸುತ್ತಾನೆ. ಗಾಯಗೊಂಡ ಕಾಟಿಯ ಮುಂದೆ ಆ ಹಿಂಜರಿಕೆ ಪ್ರಾಣಕ್ಕೆ ಎರವಾಗಬಲ್ಲದು.

ಎಲ್ಲಿ ಬಲಗೈ, ಎಲ್ಲಿ ಸಮ

ಎಡಚರ ದೃಷ್ಟಿಯಿಂದ ನೋಡಿದರೆ ಜೋಡಿ ನಳಿಗೆ ಕೋವಿಗಳಲ್ಲೆಲ್ಲ ಉದಾರಿ. ಕುದುರೆಗಳು ಎರಡೂ ಮಗ್ಗುಲಿಗೆ ಒಂದೊಂದು. ಕೋವಿಯನ್ನು ನಡುವಿಗೆ ಮುರಿದರೆ ಖಾಲಿ ತೋಟೆಗಳು ಹಿಂದಕ್ಕೆ ಹೊರಬರುತ್ತವೆ, ಯಾರ ಮುಖದ ಕಡೆಗೂ ಹಾರುವುದಿಲ್ಲ. ಸೇಫ್ಟಿಯ ಗುಂಡಿ ಸಾಮಾನ್ಯವಾಗಿ ಹಿಡಿಯ ನೆತ್ತಿಯ ಮೇಲಿದ್ದು ಯಾವ ಹೆಬ್ಬೆರಳಿಗೂ ಸಿಗುತ್ತದೆ. ಇದೇ ಕಾಲದಲ್ಲಿ ಪ್ರಚಾರಕ್ಕೆ ಬಂದ ಬೋಲ್ಟ್ ರೈಫಲಿನಲ್ಲಿ ಹಾಗಲ್ಲ. ಅದರ ಬೋಲ್ಟಿನ ಹಿಡಿಕೆ ಬಲಕ್ಕಿದ್ದು, ಎಡಚ ಪ್ರತಿ ಈಡಿಗೂ ಕೋವಿಯ ಮೇಲಿಂದ ಕೈ ಹಾಯಿಸಬೇಕು. ಬೋಲ್ಟ್ ರೈಫಲುಗಳನ್ನು ಎಡಕ್ಕೆ ತಿರುಗಿಸಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಅಮೆರಿಕದಲ್ಲಿ 1950ರ ದಶಕದ ಕೊನೆಗಷ್ಟೇ ಶುರುವಾಯಿತು. ಅಲ್ಲಿಯವರೆಗೆ ಅಪಾಯದ ಪ್ರಾಣಿಗಳ ಬೇಟೆಗೆ ಹೊರಟ ಎಡಚನಿಗೆ ಜೋಡಿ ನಳಿಗೆಯೇ ಸಹಜವಾದ ಆಯ್ಕೆ.

ಆದರೂ ಬಲಗೈಯ ಪಕ್ಷಪಾತ ನಾಲ್ಕು ಕಡೆ ಉಳಿದಿದೆ.

ಮೊದಲನೆಯದು ಹಿಡಿಯ ಓರೆ. ಹೆಗಲಿಗೆ ಕೋವಿ ಆನಿಸಿ ಕೆನ್ನೆ ಇಟ್ಟಾಗ ಕಣ್ಣು ನಳಿಗೆಗಳ ನಡುಗೆರೆಯ ಮೇಲೆ ಬರಬೇಕು. ಅದಕ್ಕಾಗಿ ಹಿಡಿಯನ್ನು ನೇರವಾಗಿ ಬಿಡದೆ ಬಲಗೈಯವರಿಗೆ ತುಸು ಬಲಕ್ಕೆ ವಾಲಿಸುತ್ತಾರೆ. ಮೂರರಿಂದ ಆರು ಮಿಲಿಮೀಟರಿನಷ್ಟು ಓರೆ ಸಾಮಾನ್ಯ. ಎಡಚನಿಗೆ ಇದು ಎಡಕ್ಕೆ ವಾಲಬೇಕು. ಬಲಕ್ಕೆ ವಾಲಿದ ಕೋವಿಯನ್ನು ಅವನು ಎತ್ತಿದರೆ ಹಿಡಿ ಮುಖಕ್ಕೆ ಅಡ್ಡಬರುತ್ತದೆ, ಒದೆತವೂ ನೇರ ಕೆನ್ನೆಗೆ.

ಎರಡನೆಯದು ಕೆನ್ನೆದಿಂಬು, ಹಿಡಿಯ ಒಂದು ಮೈಯಲ್ಲಿ ಉಬ್ಬಾಗಿ ಕೆತ್ತಿದ ಭಾಗ. ಬಲಗೈಯವರ ಕೋವಿಯಲ್ಲಿ ಅದು ಎಡಮೈಗಿರುತ್ತದೆ. ಎಡಚನಿಗೆ ಅದರಿಂದ ಉಪಯೋಗವಿಲ್ಲ, ಅವನ ಕೆನ್ನೆ ಕೂರುವ ಬಲಮೈ ಚಪ್ಪಟೆ.

ಮೂರನೆಯದು ಟ್ರಿಗರುಗಳು. ಬಲಗೈ ಕೋವಿಯಲ್ಲಿ ಮುಂದಿನ ಟ್ರಿಗರ್ ಬಲ ನಳಿಗೆಯದು, ಹಿಂದಿನದು ಎಡ ನಳಿಗೆಯದು. ಬಲಗೈ ತೋರುಬೆರಳು ಸಲೀಸಾಗಿ ಒಂದರಿಂದ ಇನ್ನೊಂದಕ್ಕೆ ಜಾರುವಂತೆ ಎರಡನ್ನೂ ತುಸು ಅಕ್ಕಪಕ್ಕ ಸರಿಸಿ, ಓರೆಯಾಗಿ ಬಾಗಿಸಿರುತ್ತಾರೆ. ಎಡಗೈ ಬೆರಳು ಎದುರು ಮಗ್ಗುಲಿನಿಂದ ಬರುವುದರಿಂದ ಅಂಚು ಚರ್ಮಕ್ಕೆ ಒತ್ತುತ್ತದೆ. ಭಾರಿ ಒದೆತದಲ್ಲಿ ಮುಂದಿನ ಟ್ರಿಗರ್ ಬೆರಳಿನ ಬೆನ್ನಿಗೆ ಬಡಿಯುವುದೂ ಉಂಟು. ಯಾವ ನಳಿಗೆ ಮೊದಲು ಎಂಬುದಕ್ಕೂ ಕಾರಣವಿದೆ. ಬಲ ನಳಿಗೆ ಹಾರಿದಾಗ ಕೋವಿ ಬಲಕ್ಕೆ ತಿರುಗಿ ಬಲಗೈಯವನ ಮುಖದಿಂದ ದೂರ ಸರಿಯುತ್ತದೆ. ಎಡಚನಿಗೆ ಅದೇ ತಿರುಗು ಮುಖದ ಕಡೆಗೆ. ಆದ್ದರಿಂದ ಅವನ ಮೊದಲ ಈಡು ಎಡ ನಳಿಗೆಯದಾಗುವುದು ಹಿತ.

ನಾಲ್ಕನೆಯದು ಕೋವಿ ಮುರಿಯುವ ಸನ್ನೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ರೂಢಿಗೆ ಬಂದ ಮೇಲ್ಸನ್ನೆಯನ್ನು ಬಲಗೈ ಹೆಬ್ಬೆರಳಿನಿಂದ ಬಲಕ್ಕೆ ತಳ್ಳಬೇಕು. ಎಡಗೈ ಹೆಬ್ಬೆರಳಿಗೆ ಈ ಚಲನೆ ವಿರುದ್ಧ. ಕೆಲವು ಹಳೆಯ ಕೋವಿಗಳಲ್ಲಿ ಸೇಫ್ಟಿಯೂ ಹಿಡಿಯ ಎಡಮಗ್ಗುಲಿನಲ್ಲಿದ್ದು ಎಡಚನಿಗೆ ಇನ್ನೊಂದು ತೊಡಕಾಗುತ್ತಿತ್ತು.

ಒಗ್ಗಿಸುವ ಬಗೆ

ಹಣವುಳ್ಳವನಿಗೆ ಸುಲಭದ ದಾರಿ ಹೊಸದಾಗಿ ಮಾಡಿಸಿಕೊಳ್ಳುವುದು. ಲಂಡನ್ನಿನ ಅಂಗಡಿಗಳಲ್ಲಿ 1880ರ ದಶಕದ ಕೊನೆಯ ಹೊತ್ತಿಗೆ ಅಳತೆಕೋವಿ ಬಳಕೆಗೆ ಬಂದಿತ್ತು. ಅದರ ಹಿಡಿಗೆ ಕೀಲುಗಳಿದ್ದು ಉದ್ದ, ಇಳಿಜಾರು, ಓರೆಗಳನ್ನು ತಿರುಪುಗಳಿಂದ ಬದಲಿಸಬಹುದು. ಗಿರಾಕಿ ಹೆಗಲಿಗಿಟ್ಟು ನೋಡಿದ ಮೇಲೆ ಆ ಅಳತೆಗಳಂತೆ ಆಕ್ರೋಟು ಮರದ ಹಿಡಿ ಕೆತ್ತುತ್ತಿದ್ದರು. ಕಾಗದ ಬರೆದು ಕೋವಿ ತರಿಸುವವನು ತನ್ನ ಅಳತೆಗಳ ಜೊತೆಗೆ ಎಡ ಹೆಗಲು ಎಂಬುದನ್ನೂ ನಮೂದಿಸಬೇಕಿತ್ತು. ಪೂರ್ಣ ಎಡಗೈ ಕೋವಿಯಲ್ಲಿ ಮೇಲ್ಸನ್ನೆ ಎಡಕ್ಕೆ ತಿರುಗುತ್ತದೆ, ಮುಂದಿನ ಟ್ರಿಗರ್ ಎಡ ನಳಿಗೆಯನ್ನು ಹಾರಿಸುತ್ತದೆ, ಓರೆ ಮತ್ತು ಕೆನ್ನೆದಿಂಬು ಪಕ್ಕ ಬದಲಿಸುತ್ತವೆ. ಇಂಥವು ಅಪರೂಪ. ಮರುಮಾರಾಟದಲ್ಲಿ ಕೊಳ್ಳುವವರೂ ಅಪರೂಪವೇ.

ಕೈಗೆ ಬಂದ ಬಲಗೈ ಕೋವಿಯನ್ನು ಬದಲಾಯಿಸುವಾಗ ಮೊದಲ ಕೆಲಸ ಹಿಡಿಯ ಕುತ್ತಿಗೆಯನ್ನು ಬಾಗಿಸುವುದು. ಕಬ್ಬಿಣದ ಭಾಗಗಳನ್ನು ಕಳಚಿ ಇಲ್ಲವೇ ಶಾಖ ತಾಕದಂತೆ ಮುಚ್ಚಿ, ಕುತ್ತಿಗೆಗೆ ಬಟ್ಟೆ ಸುತ್ತಿ, ಕಾದ ಅಗಸೆ ಎಣ್ಣೆಯನ್ನು ಮತ್ತೆ ಮತ್ತೆ ಹುಯ್ಯುತ್ತಾರೆ. ಮರ ಬಿಸಿಯಾಗಿ ಮೆತ್ತಗಾದಾಗ ಚೌಕಟ್ಟಿನಲ್ಲಿ ಸಿಕ್ಕಿಸಿ ತಿರುಪಿನಿಂದ ಬೇಕಾದ ಕಡೆಗೆ ನಿಧಾನವಾಗಿ ಒತ್ತುತ್ತಾರೆ. ಪೂರ್ತಿ ಆರುವವರೆಗೆ ಅಲ್ಲಿಂದ ತೆಗೆಯುವುದಿಲ್ಲ. ಬಿಟ್ಟ ಮೇಲೆ ಮರ ಸ್ವಲ್ಪ ಹಿಂದಕ್ಕೆ ಮರಳುವುದರಿಂದ ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಾಗಿಸಬೇಕು. ಎಳೆ ನೇರವಾಗಿ ಕುತ್ತಿಗೆಯಗುಂಟ ಹರಿದಿದ್ದರೆ ಕೆಲಸ ಸುಗಮ. ಎಳೆ ಅಡ್ಡ ಹಾಯ್ದಿದ್ದರೆ, ಹಳೆಯ ಎಣ್ಣೆ ಕುಡಿದು ಮರ ಕೊಳೆತಿದ್ದರೆ ಕುತ್ತಿಗೆ ಸೀಳುತ್ತದೆ.

ಜೋಡಿ ರೈಫಲಿನಲ್ಲಿ ಇದಕ್ಕೊಂದು ವಿಶೇಷ ಅಡ್ಡಿಯಿದೆ. ಭಾರಿ ಒದೆತಕ್ಕೆ ಕುತ್ತಿಗೆ ಮುರಿಯದಿರಲೆಂದು ಅನೇಕ ರೈಫಲುಗಳಲ್ಲಿ ಮೇಲಿನ ಉಕ್ಕಿನ ಪಟ್ಟಿಯನ್ನು ಕುತ್ತಿಗೆ ದಾಟಿ ಹಿಡಿಯ ಏಣಿನವರೆಗೆ ಎಳೆದಿರುತ್ತಾರೆ. ಮರ ಬಾಗಬೇಕಾದರೆ ಆ ಪಟ್ಟಿಯೂ ಬಾಗಬೇಕು. ಚರೆಕೋವಿಯಲ್ಲಿ ಸಲೀಸಾದ ಕೆಲಸ ಇಲ್ಲಿ ಕಮ್ಮಾರಿಕೆಯನ್ನೂ ಬೇಡುತ್ತದೆ. ಹೀಗಾಗಿ ಪಟ್ಟಿಯಿರುವ ಕೋವಿಗಳಲ್ಲಿ ಓರೆಯನ್ನು ಪೂರ್ತಿ ತಿರುಗಿಸದೆ ಹಿಡಿಯನ್ನು ನೇರಗೊಳಿಸುವುದಕ್ಕೇ ತೃಪ್ತಿಪಡುವುದುಂಟು. ನೇರ ಹಿಡಿ ಎಡಬಲ ಇಬ್ಬರಿಗೂ ಅಷ್ಟಕ್ಕಷ್ಟೇ ಆದರೂ ಇಬ್ಬರಿಗೂ ಪೆಟ್ಟು ಕೊಡುವುದಿಲ್ಲ.

ಎರಡನೆಯ ದಾರಿ ಹಿಡಿಯನ್ನೇ ಹೊಸದಾಗಿ ಕೆತ್ತುವುದು. ವರ್ಷಗಟ್ಟಲೆ ಒಣಗಿಸಿದ ಮರದ ತುಂಡಿನಲ್ಲಿ ಯಂತ್ರಭಾಗ ಕೂರುವ ಕುಳಿಗಳನ್ನು ತೋಡಬೇಕು. ಉಕ್ಕಿಗೆ ದೀಪದ ಮಸಿ ಹಚ್ಚಿ ಮರಕ್ಕೆ ಒತ್ತಿದರೆ ತಾಕುವ ಕಡೆ ಕಪ್ಪು ಗುರುತು ಮೂಡುತ್ತದೆ. ಆ ಗುರುತನ್ನಷ್ಟೇ ಉಳಿಯಿಂದ ಹೆರೆದು ಮತ್ತೆ ಒತ್ತಿ ನೋಡಬೇಕು. ಕೂದಲು ತೂರದಷ್ಟು ಬಿಗಿಯಾಗಿ ಕೂತರೆ ಮಾತ್ರ ಒದೆತ ಸಮನಾಗಿ ಹಂಚಿಹೋಗುತ್ತದೆ. ಎಲ್ಲೋ ಒಂದು ಕಡೆ ಮಾತ್ರ ತಾಕಿದರೆ ಅಲ್ಲಿಂದಲೇ ಮರ ಬಿರಿಯುತ್ತದೆ. ಬೀಟೆ ಮರದಲ್ಲಿ ದಂತ ಕೂರಿಸುವ ಕುಸುರಿಗೆ ಹೆಸರಾದ ಮೈಸೂರು ಸೀಮೆಯ ಬಡಗಿಗಳಿಗೆ ಉಳಿಯ ಈ ನಾಜೂಕು ಹೊಸತಲ್ಲ. ಹಿಡಿಗೆ ಬೇಕಾದದ್ದು ಗಟ್ಟಿಯೂ ಹಗುರವೂ ಆದ, ಏಟಿಗೆ ಸೀಳದ ಮರ. ಆಕ್ರೋಟಿಗೆ ಆ ಮೂರೂ ಗುಣಗಳಿವೆ. ಬೀಟೆ ಅದಕ್ಕಿಂತ ಭಾರ, ಬಾಗಿಸಲು ಒಗ್ಗದ್ದು. ಹೊಸ ಹಿಡಿಯಲ್ಲಿ ಓರೆ, ಕೆನ್ನೆದಿಂಬು ಎರಡನ್ನೂ ಎಡಚನಿಗೆ ತಕ್ಕಂತೆ ಇಡಬಹುದು. ಅಷ್ಟು ಖರ್ಚು ಬೇಡವೆನ್ನುವವರು ಬಲಮೈಗೆ ತೊಗಲಿನ ಮೆತ್ತೆ ಕಟ್ಟಿ, ಎಡಮೈಯ ದಿಂಬನ್ನು ಹಾಗೇ ಬಿಡುತ್ತಾರೆ.

ಟ್ರಿಗರಿನ ವಿಷಯದಲ್ಲಿ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಓರೆಯನ್ನು ಎಡಕ್ಕೆ ತಿರುಗಿಸುವುದು ಸಣ್ಣ ಕೆಲಸ. ಯಾವ ಟ್ರಿಗರ್ ಯಾವ ನಳಿಗೆಗೆ ಎಂಬುದನ್ನು ಬದಲಿಸಬೇಕಾದರೆ ಟ್ರಿಗರ್ ತಟ್ಟೆಯನ್ನೇ ಹೊಸದಾಗಿ ಮಾಡಬೇಕು. ಮುಂದಿನ ಟ್ರಿಗರಿಗೆ ಕೀಲು ಹಾಕಿ ಬೆರಳು ತಾಗಿದರೆ ಮುಂದಕ್ಕೆ ಮಡಚುವಂತೆ ಮಾಡುವುದು ಬಲಗೈ, ಎಡಗೈ ಇಬ್ಬರಿಗೂ ಉಪಕಾರಿ. ಮೇಲ್ಸನ್ನೆಯನ್ನು ತಿರುಗಿಸುವುದಂತೂ ಯಂತ್ರದ ಹೃದಯಕ್ಕೇ ಕೈ ಹಾಕಿದ ಹಾಗೆ. ಸನ್ನೆ, ಅದರ ಅಚ್ಚು, ಕಮಾನು, ನಳಿಗೆ ಬಿಗಿಯುವ ಚಿಲಕ ಎಲ್ಲವೂ ಒಂದಕ್ಕೊಂದು ಹೆಣೆದಿರುವುದರಿಂದ ಬಹುತೇಕ ಎಡಚರು ಅದನ್ನು ಮುಟ್ಟದೆ ಹೆಬ್ಬೆರಳಿಗೇ ಹೊಸ ಪಾಠ ಹೇಳಿಕೊಡುತ್ತಾರೆ, ಇಲ್ಲವೇ ಬಲಗೈ ನೆರವು ಪಡೆಯುತ್ತಾರೆ.

ಕೊನೆಗೆ ಗುರಿಯ ಪರೀಕ್ಷೆ. ಜೋಡಿ ರೈಫಲಿನ ನಳಿಗೆಗಳು ಕಣ್ಣಿಗೆ ಸಮಾಂತರವೆನಿಸಿದರೂ ಬಾಯಿಯ ಕಡೆ ತುಸು ಹತ್ತಿರ ಬರುತ್ತವೆ. ಒದೆತಕ್ಕೆ ಕೋವಿ ಹೊರಳುವ ಮುನ್ನ ಗುಂಡು ಹೊರಬೀಳದ ಕಾರಣ ಆ ಹೊರಳನ್ನು ಲೆಕ್ಕಕ್ಕೆ ತೆಗೆದುಕೊಂಡು ನಳಿಗೆಗಳನ್ನು ಬೆಸೆದಿರುತ್ತಾರೆ. ಎರಡೂ ಗುಂಡುಗಳು ಒಂದೇ ಜಾಗಕ್ಕೆ ಬೀಳುವವರೆಗೆ ಕಾಯಿಸಿ, ಬೆಣೆ ಸರಿಸಿ, ಮತ್ತೆ ಹೊಡೆದು ನೋಡುವ ಈ ಕೆಲಸ ನುರಿತ ಕೈಗಳದ್ದು. ಹೆಗಲು ಬದಲಾದರೆ, ಹಿಡಿಯ ಓರೆ ಬದಲಾದರೆ ಹೊರಳೂ ತುಸು ಬದಲಾಗಬಹುದು. ಆದ್ದರಿಂದ ಒಗ್ಗಿಸಿದ ಕೋವಿಯನ್ನು ಅದರ ಒಡೆಯನೇ ಎರಡೂ ನಳಿಗೆಗಳಿಂದ ಗುರಿಹಲಗೆಗೆ ಹೊಡೆದು ನೋಡದೆ ಕಾಡಿಗೆ ಒಯ್ಯುವುದು ತರವಲ್ಲ.

ಅಟ್ಟಣೆಯ ಮೇಲಿನ ಎಡಚ

ಕೋವಿಯ ಜೊತೆಗೆ ಸುತ್ತಲಿನ ಏರ್ಪಾಡೂ ಬದಲಾಗಬೇಕಿತ್ತು. ಬಲಗೈಯವನು ಎಡಮಗ್ಗುಲಿಗೆ ಹೆಚ್ಚು ದೂರ ತಿರುಗಿ ಹೊಡೆಯಬಲ್ಲ, ಬಲಕ್ಕೆ ತಿರುಗುವುದು ಅವನಿಗೆ ಕಷ್ಟ. ಎಡಚನಿಗೆ ಇದರ ತಿರುವುಮುರುವು. ಮರದ ಮೇಲಿನ ಅಟ್ಟಣೆಯಲ್ಲಿ ಕೂತವನಿಗೆ ಎದ್ದು ಮಗ್ಗುಲು ಬದಲಿಸುವ ಅವಕಾಶವಿಲ್ಲ. ಹುಲಿಯನ್ನು ಸೋವಿಕೊಂಡು ಬರುವ ದಿಕ್ಕು ಅವನ ಬಲಕ್ಕೆ ಬರುವಂತೆ ಅಟ್ಟಣೆ ಕಟ್ಟಿದರೆ ಅನುಕೂಲ. ಎರಡನೆಯ ಕೋವಿ ಹಿಡಿದು ನಿಂತವನೂ ಯಾವ ಪಕ್ಕದಿಂದ ಕೈಗೆ ಕೊಡಬೇಕೆಂದು ಮೊದಲೇ ತಿಳಿದಿರಬೇಕು. ತೋಟೆಯ ಜೇಬು ಎಡಕ್ಕೆ ಬರಬೇಕು.

ಇಷ್ಟೆಲ್ಲ ಏರ್ಪಾಡು ಅರಮನೆಯ ಬೇಟೆಗೆ, ದೊಡ್ಡ ಅಧಿಕಾರಿಗಳಿಗೆ, ತೋಟದ ದೊರೆಗಳಿಗೆ ಸಾಧ್ಯ. ಹೊಲ ಕಾಯಲು ಕೇಪಿನ ಕೋವಿ ಇಟ್ಟುಕೊಂಡ ರೈತನಿಗೆ ಅಲ್ಲ. ಊಟ, ಬರಹ, ಪೂಜೆ ಎಲ್ಲಕ್ಕೂ ಬಲಗೈಯೇ ಎಂದು ಕಟ್ಟುನಿಟ್ಟಾಗಿ ಕಲಿಸುವ ಮನೆಗಳಲ್ಲಿ ಬೆಳೆದ ಎಡಚನಿಗೆ ಕೋವಿಯನ್ನೂ ಬಲ ಹೆಗಲಿಗೆ ಇಡುವುದು ಇನ್ನೊಂದು ಪಾಠವಷ್ಟೆ. ಆದರೆ ಕೈಯನ್ನು ಪಳಗಿಸಿದಂತೆ ಕಣ್ಣನ್ನು ಪಳಗಿಸಲಾಗುವುದಿಲ್ಲ. ಹೆಚ್ಚಿನವರಲ್ಲಿ ಒಂದು ಕಣ್ಣು ಗುರಿಯಲ್ಲಿ ಮೇಲುಗೈ ಪಡೆದಿರುತ್ತದೆ. ಎಡಗಣ್ಣು ಬಲವಾಗಿದ್ದು ಬಲ ಹೆಗಲಿಗೆ ಕೋವಿ ಇಟ್ಟವನು ಎಡಗಣ್ಣು ಮುಚ್ಚದಿದ್ದರೆ ಗುರಿ ಪಕ್ಕಕ್ಕೆ ಸರಿಯುತ್ತದೆ. ಇಂಥವರಿಗಾಗಿಯೇ ಇಂಗ್ಲೆಂಡಿನ ಕೋವಿಗಾರರು ಬಲ ಹೆಗಲಿನಿಂದ ಎಡಗಣ್ಣಿಗೆ ಹಾಯುವಂತೆ ವಕ್ರವಾಗಿ ಬಾಗಿದ ಹಿಡಿಗಳನ್ನೂ ಮಾಡಿದರು. ಚರೆಕೋವಿಯಲ್ಲಿ ಅವು ನಡೆದವು. ಭಾರಿ ರೈಫಲಿನ ಒದೆತವನ್ನು ಅಷ್ಟು ವಕ್ರ ಹಿಡಿ ತಾಳಲಾರದು.

ಬೇಟೆ ನಿಂತ ಮೇಲೆ

ಬೇಟೆಯ ಮೇಲೆ ಹಿಡಿತ ಹಂತಹಂತವಾಗಿ ಬಿಗಿಯಿತು. 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರ್ ಕಾಡು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಹೆಸರಿಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದೊಡ್ಡ ಬೇಟೆಗೆ ತೆರೆ ಎಳೆಯಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಬೇಟೆಗಾರರು ತಂದ ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಮುಚ್ಚಿತು.

1959ರ ಆಯುಧ ಕಾಯ್ದೆಯ ಪ್ರಕಾರ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ವ್ಯಾಪಾರವಾಗಿ ದುರಸ್ತಿ ಮಾಡುವುದಕ್ಕೂ ಮಾರ್ಪಡಿಸುವುದಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರ ಕೋವಿಗಳಲ್ಲಿ ಹನ್ನೆರಡು ಬೋರಿನ ಜೋಡಿ ನಳಿಗೆಯೂ ಒಂದು. ದೇಶದೊಳಗೆ ತಯಾರಾಗುವ ಈ ಕೋವಿಗಳು ಬಲಗೈ ಅಳತೆಯಲ್ಲೇ ಬರುತ್ತವೆ. ಅವುಗಳಲ್ಲಿ ಕೆನ್ನೆದಿಂಬಿನ ತೊಡಕಿಲ್ಲ, ಓರೆಯೂ ಕಡಿಮೆ. ಎಡಚನಿಗೆ ಉಳಿಯುವುದು ಟ್ರಿಗರ್ ಮತ್ತು ಸನ್ನೆಯ ಅಡಚಣೆ.

ಪ್ರಾಣಿ ಮನುಷ್ಯರ ಸಂಘರ್ಷ ಮಾತ್ರ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಮುಗಿದಿಲ್ಲ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಆ ಬಳಿಕ ಜಿಲ್ಲೆಯಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. 2023ರ ನವೆಂಬರಿನಲ್ಲಿ ನಂಜನಗೂಡಿನ ಹೆಡಿಯಾಲ ಭಾಗದಲ್ಲಿ ಹುಲಿ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಅರಣ್ಯ ಇಲಾಖೆ ಹುಲಿಯನ್ನು ಸೆರೆಹಿಡಿಯಿತು. ಇಂಥ ಕಾರ್ಯಾಚರಣೆಯ ಸಲಕರಣೆಗಳು ಕ್ಯಾಮೆರಾ, ಬೋನು, ಸಾಕಾನೆ ಮತ್ತು ಅರಿವಳಿಕೆ ಚುಚ್ಚುವ ಕೋವಿ. ಅರಿವಳಿಕೆ ಕೋವಿಯ ಒದೆತ ನಗಣ್ಯ. ಹಿಡಿಯ ಓರೆ ಮುಖಕ್ಕೆ ಪೆಟ್ಟು ಕೊಡುವ ಪ್ರಶ್ನೆಯೇ ಅಲ್ಲಿಲ್ಲ. ಎಡ ಹೆಗಲಿಗೆ ಮರ ಬಾಗಿಸುವ ವಿದ್ಯೆ ಈಗ ಉಳಿದಿರುವುದು ಹಳೆಯ ಕೋವಿಗಳನ್ನು ಪರವಾನಗಿಯೊಂದಿಗೆ ಕಾಪಾಡಿಕೊಂಡ ಮನೆತನಗಳಿಗೆ, ಗುರಿಸ್ಪರ್ಧೆಯಲ್ಲಿ ಚರೆಕೋವಿ ಹಿಡಿಯುವವರಿಗೆ ಮತ್ತು ಅವರ ಕೋವಿಗಳನ್ನು ದುರಸ್ತಿ ಮಾಡುವ ಬೆರಳೆಣಿಕೆಯ ಪರವಾನಗಿದಾರರಿಗೆ.